ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ ನಾನು ಮೇಷ್ಟ್ರಾದದ್ದು

ನಗೆಪಾಟಲನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ನನ್ನ ಪಾಡಿಗೆ ನಾನು ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಡ್ಲೆಕಾಯಿ ಸುಲಿಯುತ್ತ ನಿಂತಿದ್ದರೂ ಸಾಕು, ಅದೇ ಯಾವುದೋ ಬಸ್ಸಿಳಿದು, ನಾಲ್ಕು ಜನರನ್ನು ವಿಚಾರಿಸಿ, ಸೀದಾ ನನ್ನ ಹತ್ತಿರ ಬಂದು ಚೀಲ ಇಳಿಸುತ್ತದೆ. ಬಿ.ಎಡ್. ಓದಿದ ಆ ಎರಡು ವರ್ಷವಂತೂ ಅದು ನಮ್ಮ ಮನೆಯಲ್ಲೇ ಬಾಡಿಗೆಗಿತ್ತು.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ, ಯಾಕಂದರೆ ಬೇರೆ ಯಾರೂ ಹೇಳುವುದಿಲ್ಲ. ಹೊಳಲ್ಕೆರೆ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ನಾನು ಇಪ್ಪತ್ತು ವರ್ಷದಿಂದ ವಿಜ್ಞಾನದ ಮೇಷ್ಟ್ರು. ನಾನು ಬೆಳಕಿನ ಪಾಠ ಮಾಡಿದರೆ ಕರೆಂಟು ಹೋದ ಕ್ಲಾಸಿನಲ್ಲೂ ಮಕ್ಕಳು ಕಣ್ಣು ಕಿರಿದು ಮಾಡಿಕೊಳ್ಳುತ್ತಿದ್ದರು. ಗುರುತ್ವಾಕರ್ಷಣೆಯ ಪಾಠ ಮಾಡಿದ ದಿನ ಪಕ್ಕದ ತೋಟದಲ್ಲಿ ತೆಂಗಿನಕಾಯಿ ತಾವಾಗೇ ಉದುರಿವೆ. ತೋಟದವನು ಸುಮ್ಮನೆ ಮಕ್ಕಳ ಮೇಲೆ ಅನುಮಾನ ಪಟ್ಟ, ಅದು ಅವನ ಅಜ್ಞಾನ.

ಇಷ್ಟೆಲ್ಲ ಇದ್ದೂ ನನ್ನ ಹತ್ತಿರ ಬಿ.ಎಡ್. ಒಂದು ಇರಲಿಲ್ಲ. ಅದಿಲ್ಲದೆ ಇಪ್ಪತ್ತು ವರ್ಷ ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ. ಒಂದು ದಿನ ಹೆಡ್ಮಾಸ್ಟ್ರು ಕರೆದು ಕೂರಿಸಿದರು. ಅವರು ಕೂರಿಸಿ ಮಾತಾಡಿದರೆ ಒಳ್ಳೆಯ ಸುದ್ದಿ ಇರುವುದಿಲ್ಲ.

"ಇಲಾಖೆಯಿಂದ ಕಟ್ಟುನಿಟ್ಟಾಗಿ ಬಂದೈತೆ ಕಣ್ರಿ. ಎರಡು ವರ್ಷದಾಗೆ ಬಿ.ಎಡ್. ಮಾಡ್ಕಳ್ರಿ. ಇಲ್ಲಾಂದ್ರೆ ಕಮಿಟಿಯೋರು ನಿಮ್ಮನ್ನ ಮನೆಗೆ ಕಳಿಸ್ತಾರೆ."

"ಮನೆಗೆ ದಿನಾ ಹೋಗ್ತೀನಲ್ಲ ಸಾರ್" ಅಂದೆ.

"ಹೋಗಿ ಅಲ್ಲೇ ಇರ್ರಿ ಅಂತಾರೆ" ಅಂದರು.

ನಲವತ್ತಾರನೇ ವಯಸ್ಸಿನಲ್ಲಿ ಹಗಲೆಲ್ಲ ಮನೆಯಲ್ಲೇ ಇರುವುದು ನನಗೆ ಕಷ್ಟ. ನನ್ನ ಹೆಂಡತಿಗೆ ಅದಕ್ಕಿಂತ ಕಷ್ಟ. ಹಾಗಾಗಿ ಚಿತ್ರದುರ್ಗದ ಒಂದು ಕಾಲೇಜಿಗೆ ಸೇರಿದೆ. ವಾರವೆಲ್ಲ ಇಲ್ಲಿ ಮೇಷ್ಟ್ರು, ಭಾನುವಾರ ಅಲ್ಲಿ ವಿದ್ಯಾರ್ಥಿ. ನನ್ನ ಹಾಗೆ ನೌಕರಿ ಉಳಿಸಿಕೊಳ್ಳಲು ಬಂದ ಮೇಷ್ಟ್ರುಗಳು, ಟೀಚರಮ್ಮಗಳು ಒಂದು ಕೋಣೆ ತುಂಬ ಇದ್ದರು.

ಅಪ್ಪನ್ನ ಕರ್ಕಂಡು ಬಾ

ಬಿ.ಎಡ್.ನಲ್ಲಿ ಸೂಕ್ಷ್ಮಬೋಧನೆ ಅಂತ ಒಂದು ಪದ್ಧತಿ ಇದೆ. ಒಬ್ಬರು ಹಲಗೆ ಮುಂದೆ ನಿಂತು ಐದಾರು ನಿಮಿಷ ಪಾಠ ಮಾಡಬೇಕು, ಉಳಿದ ನಾವೆಲ್ಲ ಏಳನೇ ಕ್ಲಾಸಿನ ಮಕ್ಕಳ ಹಾಗೆ ಕೂರಬೇಕು. ಮೊದಲ ದಿನವೇ ನಮ್ಮ ಉಪನ್ಯಾಸಕರು, "ಮಕ್ಕಳು ಸಹಜವಾಗಿರಬೇಕು, ಮಕ್ಕಳು ಹೇಗಿರ್ತಾರೋ ಹಾಗೆ" ಅಂದುಬಿಟ್ಟರು. ಹೇಳಬಾರದಿತ್ತು. ಆ ಕೋಣೆಯಲ್ಲಿ ಕೂತವರೆಲ್ಲ ಹತ್ತಿಪ್ಪತ್ತು ವರ್ಷ ಮಕ್ಕಳ ಕೈಯಲ್ಲಿ ಅನುಭವಿಸಿದವರು. ತೀರಿಸಿಕೊಳ್ಳಲು ಕಾಯುತ್ತಿದ್ದರು.

ಪ್ರತಿಭೆಯಲ್ಲಿ ನಾನೇ ಮುಂದು ನೋಡಿ, ನನ್ನನ್ನೇ ಮೊದಲು ನಿಲ್ಲಿಸಿದರು. ನಾನು ಎರೆಹುಳುವಿನ ಚಿತ್ರ ಬರೆಯಲು ತಿರುಗಿದ ಕೂಡಲೇ ಬೆನ್ನಿಗೆ ಸೀಮೆಸುಣ್ಣ ಬಿತ್ತು. ತಿರುಗಿ ನೋಡಿದರೆ ಹಿರಿಯೂರಿನ ಟೀಚರಮ್ಮ, ಇಬ್ಬರು ಮೊಮ್ಮಕ್ಕಳ ಅಜ್ಜಿ, ಏನೂ ಗೊತ್ತಿಲ್ಲದವರ ಹಾಗೆ ಪುಸ್ತಕ ನೋಡುತ್ತಿದ್ದಾರೆ. ಹಿಂದಿನ ಬೆಂಚಿನಲ್ಲಿ ಹಾಲುರಾಮೇಶ್ವರದ ಕಡೆಯ ಕನ್ನಡ ಮೇಷ್ಟ್ರು ಎದ್ದು ನಿಂತರು. ಐವತ್ತು ದಾಟಿದ, ಮೀಸೆ ಬೆಳ್ಳಗಾದ ಮನುಷ್ಯ. ಕಿರುಬೆರಳು ಎತ್ತಿ, "ಸಾ, ಒಂದಾ" ಅಂದರು.

"ಹೋಗಿ ಬೇಗ ಬಾ" ಅಂದೆ.

ಆ ಮನುಷ್ಯ ಹೋಗಿ ಗೇಟಿನ ಹತ್ತಿರ ಚಾ ಕುಡಿದು, ಮಿರ್ಚಿ ತಿಂದು, ಕೈ ಒರೆಸಿಕೊಳ್ಳುತ್ತ ಬಂದರು. ಅಷ್ಟರಲ್ಲಿ ನನ್ನ ಪಾಠ ಮುಗಿಯುತ್ತಾ ಬಂದಿತ್ತು. ನನಗೆ ಪಾತ್ರ ಮೈಮೇಲೆ ಬಂದಿತ್ತು. "ಎಲ್ಲಿಗೆ ಹೋಗಿದ್ದೆ ಇಷ್ಟೊತ್ತು? ನಾಳೆ ನಿಮ್ಮಪ್ಪನ್ನ ಕರ್ಕಂಡು ಬರ್ದೆ ಕ್ಲಾಸೊಳಗೆ ಕಾಲಿಡಬ್ಯಾಡ" ಅಂದೆ. ಎಲ್ಲರೂ ನಕ್ಕರು, ಉಪನ್ಯಾಸಕರೂ ನಕ್ಕರು, ಮುಗಿಯಿತು ಅಂದುಕೊಂಡೆ.

ಮುಂದಿನ ಭಾನುವಾರ ಕ್ಲಾಸಿನ ಬಾಗಿಲಲ್ಲಿ ಒಬ್ಬ ಅಜ್ಜ ಕೋಲೂರಿ ನಿಂತಿದ್ದಾರೆ, ಪಕ್ಕದಲ್ಲಿ ನಮ್ಮ ಕನ್ನಡ ಮೇಷ್ಟ್ರು ತಲೆ ತಗ್ಗಿಸಿಕೊಂಡು. ಅಜ್ಜನಿಗೆ ದುರ್ಗದ ಆಸ್ಪತ್ರೆಯಲ್ಲಿ ಕಣ್ಣು ತೋರಿಸುವುದಿತ್ತಂತೆ, ದಾರಿಯಲ್ಲಿ ಮಗ ಎಲ್ಲ ಹೇಳಿ ಕರೆದುಕೊಂಡು ಬಂದಿದ್ದ. ಅಜ್ಜ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ ಕೈ ಮುಗಿದರು.

"ನೀವೇನಾ ಸಾ ಇವನ ಮೇಷ್ಟ್ರು? ಇವ್ನು ಸಣ್ಣೋನಿದ್ದಾಗಿಂದ್ಲೂ ಹಿಂಗೇ. ನನ್ ಮುಖ ನೋಡ್ಬ್ಯಾಡ್ರಿ, ನಾಕು ಬಿಡ್ರಿ. ಇನ್ನಾದ್ರೂ ಬುದ್ಧಿ ಬರ್ಲಿ."

ಹೊಗಳಿ ಕೆಟ್ಟೆ

ಮನಶ್ಶಾಸ್ತ್ರದ ಕ್ಲಾಸಿನಲ್ಲಿ ಹೇಳಿಕೊಟ್ಟರು: ಮಗುವನ್ನು ಗದರಬೇಡಿ. ತಪ್ಪು ಹೇಳಿದರೂ ಮೆಚ್ಚಿ, ಬೆನ್ನು ತಟ್ಟಿ, ನಗುನಗುತ್ತ ಸರಿದಾರಿಗೆ ತನ್ನಿ. ನಾನು ಕಲಿತದ್ದನ್ನು ಅಲ್ಲೇ ಬಿಟ್ಟು ಬರುವವನಲ್ಲ. ಸೋಮವಾರವೇ ನಮ್ಮ ಶಾಲೆಯಲ್ಲಿ ಜಾರಿಗೆ ತಂದೆ.

"ಹೃದಯ ಎಲ್ಲಿದೆ?" ಅಂತ ಕೇಳಿದೆ. ಒಬ್ಬ ಹೊಟ್ಟೆ ಮುಟ್ಟಿಕೊಂಡು ತೋರಿಸಿದ.

"ಬಹಳ ಒಳ್ಳೆಯ ಪ್ರಯತ್ನ" ಅಂದು ನಕ್ಕೆ.

ಇಡೀ ಕ್ಲಾಸು ಬೆಂಚಿನಲ್ಲೇ ಹಿಂದಕ್ಕೆ ಸರಿಯಿತು. ಅವರು ಇಪ್ಪತ್ತು ವರ್ಷದಲ್ಲಿ, ಅಂದರೆ ಅವರ ಅಣ್ಣಂದಿರು, ಅಕ್ಕಂದಿರ ಕಾಲವೂ ಸೇರಿ, ನನ್ನ ಹಲ್ಲು ನೋಡಿದವರಲ್ಲ. ಹೊಟ್ಟೆ ತೋರಿಸಿದವನು ಅಳಲು ಶುರು ಮಾಡಿದ. ಸಮಾಧಾನ ಮಾಡಲು ಹತ್ತಿರ ಹೋಗಿ ಬೆನ್ನು ತಟ್ಟಿದೆ. ಪಕ್ಕದವನೂ ಅತ್ತ.

ನನ್ನ ವಿದ್ಯೆಯ ಮೇಲೆ ನನಗೆ ನಂಬಿಕೆ. ದೊಡ್ಡವರ ಮೇಲೆ ಪ್ರಯೋಗಿಸೋಣ ಅಂತ ಸ್ಟಾಫ್ ರೂಮಿಗೆ ಬಂದು ಹೆಡ್ಮಾಸ್ಟ್ರಿಗೆ, "ಸಾರ್, ಇವತ್ತು ಪ್ರಾರ್ಥನೆ ಹೊತ್ತಲ್ಲಿ ನೀವಾಡಿದ ಮಾತು ಬಹಳ ಚೆನ್ನಾಗಿತ್ತು" ಅಂದೆ.

ಅವರು ತಲೆ ಎತ್ತದೆಯೇ, "ರಜಾ ಕೊಡಲ್ಲ" ಅಂದರು.

ಸಾಯಂಕಾಲ ಅತ್ತ ಹುಡುಗನ ತಾಯಿ ಬಂದರು. ಜಗಳಕ್ಕೆ ಬಂದರು ಅಂತ ನಾನು ಮೇಜಿನ ಆಚೆ ಬದಿಗೆ ನಿಂತೆ. ಆ ತಾಯಿ ಸೆರಗಿನ ಗಂಟು ಬಿಚ್ಚಿ ಒಂದು ತಾಯತ ತೆಗೆದು ನನ್ನ ಮುಂದಿಟ್ಟರು. "ಹುಡ್ಗ ಬಂದು ಎಲ್ಲಾ ಹೇಳ್ದ ಸಾ. ಯಾರೋ ನಿಮಗೆ ಆಗ್ದೋರು ಏನೋ ಮಾಡ್ಸಿರ್ಬೇಕು. ಬಲಗೈಗೆ ಕಟ್ಕಳ್ರಿ, ಮೊದಲಿನಂಗೆ ಬೈಯೋಕೆ ಶುರು ಮಾಡ್ತೀರಿ."

ಮನೆಯಲ್ಲಿ ಪೀಠಿಕೆ

ಬಿ.ಎಡ್.ನ ಇನ್ನೊಂದು ಕಟ್ಟಳೆ ಪೀಠಿಕೆಯದು. ಇವತ್ತಿನ ಪಾಠ ಇಂಥದ್ದು ಅಂತ ಮೇಷ್ಟ್ರು ಬಾಯಿಬಿಟ್ಟು ಹೇಳಬಾರದು. ಅಡ್ಡದಾರಿಯಿಂದ ಪ್ರಶ್ನೆ ಕೇಳುತ್ತ ಕೇಳುತ್ತ, ಆ ಮಾತು ಮಕ್ಕಳ ಬಾಯಿಂದಲೇ ಬರುವ ಹಾಗೆ ಮಾಡಬೇಕು. ನಾನು ಹೇಳಿದರೆ ಅಂಕ ಹೋಯಿತು, ಮಕ್ಕಳು ಹೇಳಿದರೆ ಅಂಕ ಬಂತು.

ಅಭ್ಯಾಸ ಬಿಡಬಾರದು ಅಂತ ಮನೆಯಲ್ಲೂ ಶುರು ಮಾಡಿದೆ. ಬೆಳಿಗ್ಗೆ ನನಗೆ ಕಾಫಿ ಬೇಕಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕೇಳಿದೆ, "ಬೆಳಿಗ್ಗೆ ಎದ್ದ ತಕ್ಷಣ ಮನುಷ್ಯನಿಗೆ ಮೊದಲು ಬೇಕಾಗೋದು ಏನು?"

"ಬುದ್ಧಿ" ಅಂದಳು, ರೊಟ್ಟಿ ತಟ್ಟುತ್ತಲೇ.

ತಪ್ಪು ಉತ್ತರವನ್ನೂ ಮೆಚ್ಚಬೇಕು. "ಒಳ್ಳೆಯ ಪ್ರಯತ್ನ. ಇನ್ನೊಂದು ಸುಳಿವು ಕೊಡ್ತೀನಿ. ಅದು ಅಡುಗೆಮನೆಯಲ್ಲೇ ಇರ್ತದೆ."

"ಅಡುಗೆಮನೆಯಾಗೆ ಇಪ್ಪತ್ತು ವರ್ಷದ ಕೆಲಸ ಐತೆ. ಯಾವ್ದು ಬೇಕು ಹೇಳ್ರಿ."

"ನಾನು ಹೇಳೋ ಹಂಗಿಲ್ಲ, ನಿನ್ನ ಬಾಯಿಂದಲೇ ಬರಬೇಕು. ಸರಿಯಾಗಿ ಯೋಚನೆ ಮಾಡು. ಒಲೆ ಮೇಲಿರ್ತದೆ, ಬಿಸಿ ಬಿಸಿಯಾಗಿರ್ತದೆ, ಗಂಡಸಿನ ಮುಂದೆ ಬಂದ್ರೆ ಅವನ ನಿದ್ದೆ ಒಂದೇ ಏಟಿಗೆ ಹಾರಿಹೋಗ್ತದೆ. ಏನದು?"

"ರೊಟ್ಟಿ ಹಂಚು" ಅಂದಳು. "ತರ್ಲಾ?"

ಸೀಟಿಗೊಂದು ಗ್ರಹ

ಸೌರಮಂಡಲದ ಮಾದರಿ ಮಾಡಿಕೊಂಡು ಬರಲು ಹೇಳಿದ್ದರು. ನಾನು ಸಣ್ಣದು ಮಾಡುವ ಮನುಷ್ಯನಲ್ಲ. ಥರ್ಮೋಕೋಲ್ ಉಂಡೆಗಳಿಗೆ ಬಣ್ಣ ಬಳಿದು, ತಂತಿಗೆ ಸಿಕ್ಕಿಸಿ, ಮದುವೆ ಮನೆಯ ಕೊಪ್ಪರಿಗೆಯಷ್ಟು ಅಗಲದ ಸೌರಮಂಡಲ ಕಟ್ಟಿದೆ. ಸೃಷ್ಟಿಕರ್ತ ಬಂದು ನೋಡಿದ್ದರೆ ಒಂದೆರಡು ಕಡೆ ತನ್ನದನ್ನು ತಿದ್ದಿಕೊಳ್ಳುತ್ತಿದ್ದ.

ಭಾನುವಾರ ಹೊಸದುರ್ಗದಿಂದ ದುರ್ಗಕ್ಕೆ ಹೋಗುವ ಬಸ್ಸು ಹತ್ತಲು ಹೋದರೆ, ಮುಹೂರ್ತದ ದಿನ. ಒಳಗೆ ಉಸಿರು ಬಿಡಲೂ ಪಾಳಿ ಹಚ್ಚಬೇಕು.

ಕಂಡಕ್ಟರ್ ಅಡ್ಡ ನಿಂತ. "ಮೇಷ್ಟ್ರೇ, ನೀವು ಹತ್ರಿ. ಬ್ರಹ್ಮಾಂಡ ಮುಂದಿನ ಬಸ್ಸಿಗೆ ಬರ್ಲಿ."

ಬೇರೆ ದಾರಿ ಕಾಣದೆ ಗ್ರಹಗಳನ್ನೆಲ್ಲ ತಂತಿಯಿಂದ ಕಿತ್ತು, ಕುಳಿತವರ ಕೈಗೆ ಒಂದೊಂದು ಕೊಟ್ಟೆ. "ಒಂದೀಟು ಹಿಡ್ಕಳ್ರಿ, ಇಳಿಯೋವಾಗ ಇಸ್ಕಂತೀನಿ." ಜನ ಒಳ್ಳೆಯವರು, ಹಿಡಿದುಕೊಂಡರು. ಎಲ್ಲ ಸುಸೂತ್ರವಾಗಿತ್ತು. ಅಷ್ಟರಲ್ಲಿ ಕಿಟಕಿ ಪಕ್ಕದ ಯಜಮಾನರೊಬ್ಬರು ತಮ್ಮ ಕೈಲಿದ್ದ ಉಂಡೆಯ ಸುತ್ತಲಿನ ಬಳೆ ತಿರುಗಿಸುತ್ತ, "ಇದೊಂದಕ್ಕೆ ಮಾತ್ರ ಯಾಕೆ ಒಡ್ಯಾಣ?" ಅಂದರು. ಮೇಷ್ಟ್ರ ಬಾಯಿ ಸುಮ್ಮನಿರುತ್ತದೆಯೇ.

"ಅದು ಶನಿ" ಅಂದುಬಿಟ್ಟೆ.

ಯಜಮಾನರು ಅದನ್ನು ಕೆಂಡ ದಾಟಿಸಿದ ಹಾಗೆ ಪಕ್ಕದವರ ತೊಡೆಗೆ ದಾಟಿಸಿದರು. "ಏಳೂವರೆ ವರ್ಷ ಅನುಭೋಗ್ಸಿ ಈಗ ತಾನೆ ಕಳ್ಕಂಡಿದೀನಿ ಮಾರಾಯ್ರೆ. ಮತ್ತೆ ತಂದು ತೊಡೆ ಮ್ಯಾಗೆ ಕೂರಿಸ್ತೀರಲ್ಲ." ಪಕ್ಕದವರು ಹಿಂದಿನವರಿಗೆ, ಹಿಂದಿನವರು ಆಚೆ ಸಾಲಿಗೆ. ಸೂರ್ಯನನ್ನು ಒಂದು ಸುತ್ತು ಹಾಕಲು ಶನಿಗೆ ಸುಮಾರು ಮೂವತ್ತು ವರ್ಷ ಬೇಕು ಅಂತ ನಾನೇ ಪಾಠ ಮಾಡಿದ್ದೆ. ಆ ಬಸ್ಸನ್ನು ಅದು ಎರಡು ನಿಮಿಷದಲ್ಲಿ ಸುತ್ತಿತು.

ಮುಂದಿನ ಸೀಟಿನ ಒಬ್ಬ ಹೆಣ್ಣುಮಗಳು ಎದ್ದು ನಿಂತರು. "ಗುರು ಯಾರತ್ರ ಐತೆ?"

"ಎಲ್ಲಕ್ಕಿಂತ ದೊಡ್ಡದು ತಾಯಿ" ಅಂದೆ.

"ನಮ್ಮ ಹುಡ್ಗಿಗೆ ಗುರುಬಲ ಇಲ್ಲ ಅಂತ ಬಂದ ಗಂಡೆಲ್ಲ ವಾಪಸ್ ಹೋಗ್ತವೆ. ಒಂದೀಟು ಇತ್ಲಾಗೆ ಕೊಡ್ರಿ." ಗುರುವನ್ನು ಇಸಿದುಕೊಂಡು ಪಕ್ಕದಲ್ಲಿದ್ದ ಮಗಳ ಮಡಿಲಲ್ಲಿ ಇಟ್ಟು ಸೆರಗು ಮುಚ್ಚಿದರು.

ಹಿಂದಿನಿಂದ ಇನ್ನೊಬ್ಬರು, "ರಾಹು ಕೇತು ಎಲ್ರಿ?"

"ವಿಜ್ಞಾನದಲ್ಲಿ ಅವು ಇಲ್ಲ."

"ಹಂಗಾದ್ರೆ ನಿಮ್ಮ ವಿಜ್ಞಾನದೋರು ಆರಾಮಾಗವ್ರೆ ಬಿಡ್ರಿ."

ದುರ್ಗದಲ್ಲಿ ಇಳಿದು ಎಣಿಸಿಕೊಂಡೆ. ಡ್ರೈವರ್ ತನ್ನ ಪಕ್ಕಕ್ಕೆ ಬಂದು ಸೇರಿದ್ದ ಶನಿಯನ್ನು ಕರವಸ್ತ್ರದಲ್ಲಿ ಹಿಡಿದು ಕೊಟ್ಟು, "ಬೇಗ ಇಳ್ಕಳ್ರಿ ಸಾ, ನಂದು ಇನ್ನೂ ಎರಡು ಟ್ರಿಪ್ ಐತೆ" ಅಂದ. ಗುರು ಮಾತ್ರ ಇಲ್ಲ. ತಾಯಿ ಮಗಳು ನಡುವೆ ಎಲ್ಲೋ ಇಳಿದುಹೋಗಿದ್ದರು.

ಕ್ಲಾಸಿನಲ್ಲಿ ಉಪನ್ಯಾಸಕರು ನನ್ನ ಮಾದರಿಯನ್ನು ಸುತ್ತಿ ಬಂದು ನೋಡಿದರು. "ಏನ್ರೀ, ಎಲ್ಲಕ್ಕಿಂತ ದೊಡ್ಡ ಗ್ರಹವೇ ಇಲ್ಲವಲ್ಲ. ಗುರು ಎಲ್ಲಿ?"

"ಹೆಣ್ಣಿನ ಕಡೆಯೋರ ಜೊತೆ ಹೋತು ಸಾರ್."

"ಶನಿ?"

"ಅದೆಲ್ಲೂ ಹೋಗಲ್ಲ ಸಾರ್. ನನ್ ಜೊತೆನೇ ಐತೆ."

ಉಪನ್ಯಾಸಕರು ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡರು. ಅವರು ಓದಿದ್ದೂ ವಿಜ್ಞಾನವೇ.

ಕಂಬಳಿಯೊಳಗಿನ ಕೈ

ಕೊನೆಗೆ ಉಳಿದದ್ದು ಪರೀಕ್ಷಾ ಪಾಠ. ಬರೆಯುವ ಪರೀಕ್ಷೆಗಳನ್ನು ಹೇಗೋ ದಾಟಿದ್ದೆ. ಈ ಒಂದು ಪಾಠದಲ್ಲಿ ಬಿದ್ದರೆ ಬಿ.ಎಡ್. ಬಿದ್ದ ಹಾಗೆ, ಬಿ.ಎಡ್. ಬಿದ್ದರೆ ಜೂನಿನಲ್ಲಿ ನನ್ನ ಕುರ್ಚಿಯಲ್ಲಿ ಇನ್ನೊಬ್ಬರು. ನಮ್ಮ ಹೆಡ್ಮಾಸ್ಟ್ರು ಆಗಲೇ ಬಿ.ಎಡ್. ಆದ ಒಬ್ಬ ಹುಡುಗಿಯನ್ನು ಕರೆಸಿ, ನನ್ನ ಕ್ಲಾಸು ಯಾವುದು, ಫ್ಯಾನಿನ ಸ್ವಿಚ್ಚು ಎಲ್ಲಿ ಅಂತ ತೋರಿಸಿ ಕಳಿಸಿದ್ದರು.

ಪರೀಕ್ಷಕರು ಹೊರ ಊರಿನವರು, ನಕ್ಕದ್ದನ್ನು ನೋಡಿದವರಿಲ್ಲ ಅಂತ ಹೆಸರಾದವರು. ನನಗೆ ಸಿಕ್ಕಿದ್ದು ಐಮಂಗಲದ ಕಡೆಯ ಒಂದು ಹಳ್ಳಿ ಶಾಲೆ, ಪಾಠ ಉಣ್ಣೆ. ಅದೃಷ್ಟ ಅಂದರೆ ಇದು. ಪಕ್ಕದ ಹಳ್ಳಿಯಲ್ಲೇ ನನ್ನ ಭಾಮೈದ ಕುರಿ ಸಾಕಿಕೊಂಡಿದ್ದಾನೆ. ಚಿತ್ರಕ್ಕಿಂತ ಮಾದರಿ ಮೇಲು, ಮಾದರಿಗಿಂತ ನಿಜವಾದ ವಸ್ತು ಮೇಲು ಅಂತ ನಮ್ಮ ಪುಸ್ತಕದಲ್ಲಿ ಇದೆ. ಬೇರೆಯವರು ಅದನ್ನು ಓದಿ ಬಿಟ್ಟರು, ನಾನು ಪಾಠಯೋಜನೆಯಲ್ಲಿ ಬರೆದೆ: ಕಲಿಕೋಪಕರಣಗಳು: ಟಗರು ಒಂದು, ಜೀವಂತ. ಕಂಬಳಿ ಒಂದು.

ಭಾಮೈದ ಹೇಳಿದ ಹೊತ್ತಿಗೆ ಟಗರು ಹೊಡೆದುಕೊಂಡು ಬಂದ. ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿದ್ದ. ಅದನ್ನು ಮೇಜಿನ ಕಾಲಿಗೆ ಕಟ್ಟಿದೆವು. ಕಂಬಳಿ ಅವನ ಹೆಗಲ ಮೇಲಿತ್ತು. "ನಾನು ಕೇಳ್ದಾಗ ತಂದು ಕೊಡಪ್ಪ, ಅಲ್ಲಿವರೆಗೆ ಹಿಂದೆ ಕುಂತ್ಕ" ಅಂದೆ. ಹಿಂದೆ ಖಾಲಿ ಇದ್ದದ್ದು ಒಂದೇ ಜಾಗ, ಪರೀಕ್ಷಕರ ಪಕ್ಕ. ಹೋಗಿ ಕುಳಿತ.

ಪೀಠಿಕೆ ಶುರು ಮಾಡಿದೆ. "ಮಕ್ಕಳೇ, ಚಳಿಗಾಲದಲ್ಲಿ ನೀವು ಏನು ಮಾಡುತ್ತೀರಿ?"

"ಬೆಂಕಿ ಕಾಸ್ತೀವಿ ಸಾ."

"ಬೆಂಕಿ ಆರಿಹೋದರೆ?"

"ಇನ್ನೆರಡು ಸೌದೆ ಹಾಕ್ತೀವಿ ಸಾ."

"ಸೌದೆ ಮುಗಿದರೆ?"

"ಪಕ್ಕದ ಮನೇರ್ದು ತರ್ತೀವಿ ಸಾ."

ಉಣ್ಣೆ ಹೊತ್ತ ಟಗರು ಕಣ್ಣೆದುರೇ ನಿಂತು ಅರಚುತ್ತಿದೆ, ಒಬ್ಬರ ಬಾಯಲ್ಲೂ ಆ ಮಾತು ಬರಲೊಲ್ಲದು. ಊರಿನ ಸೌದೆಯನ್ನೆಲ್ಲ ಸುಟ್ಟು ಮುಗಿಸಿದ ಮೇಲೆ ಒಬ್ಬಳು ಹುಡುಗಿ, "ಕಂಬಳಿ ಹೊದ್ಕಂತೀವಿ ಸಾ" ಅಂದಳು. ಕಂಬಳಿ ಯಾವುದರಿಂದ ಅಂದೆ. ಉಣ್ಣೆಯಿಂದ ಅಂದರು. ಗೆದ್ದೆ ಅಂದುಕೊಂಡು ಹಲಗೆ ಮೇಲೆ ದೊಡ್ಡದಾಗಿ 'ಉಣ್ಣೆ' ಅಂತ ಬರೆದು, "ಈಗ ಕಂಬಳಿಯನ್ನು ನೋಡೋಣ" ಅಂದು ಭಾಮೈದನಿಗೆ ಕೈ ಮಾಡಿದೆ.

ಕಂಬಳಿ ಬರಲಿಲ್ಲ. ನೋಡಿದರೆ ಅದು ಭಾಮೈದನ ತೊಡೆಯಿಂದ ಪರೀಕ್ಷಕರ ತೊಡೆಯವರೆಗೆ ಹರಡಿದೆ. ಇಬ್ಬರ ಬಲಗೈಯೂ ಅದರೊಳಗೆ.

ನಮ್ಮ ಕಡೆ ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟೆ ಮುಚ್ಚಿ, ಒಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಕೇಳುತ್ತಾರೆ, ಬೆರಳು ಹಿಡಿದೇ ಹೇಳುತ್ತಾರೆ. ಸುತ್ತ ನಿಂತವರಿಗೆ ಗೊತ್ತಾಗಬಾರದು. ಯುಗಾದಿಗೆ ಒಂದೇ ವಾರ ಇತ್ತು. ಯುಗಾದಿ ಮಾರನೇ ದಿನ ವರ್ಷತೊಡಕು, ಅವತ್ತು ಮಾಂಸದಡುಗೆ ಆಗಲೇಬೇಕು. ಪರೀಕ್ಷಕರು ನನ್ನ ಪೀಠಿಕೆ ನೋಡುತ್ತಿದ್ದಾರೆ ಅಂತ ನಾನು ತಿಳಿದಿದ್ದೆ, ಅವರು ನೋಡುತ್ತಿದ್ದದ್ದು ಟಗರಿನ ಬೆನ್ನು.

"ಕಂಬಳಿ ತಾರಪ್ಪ" ಅಂದೆ ಮತ್ತೆ.

"ಒಂದ್ನಿಮಿಷ ತಡೀರಿ ಭಾವ" ಅಂದ ಭಾಮೈದ. "ಈಗ ಕೈ ಬಿಟ್ರೆ ವ್ಯಾಪಾರ ಮುರಿತೈತೆ."

ಪರೀಕ್ಷಕರು ನನ್ನ ಕಡೆ ನೋಡಲಿಲ್ಲ. ಬೈಯೋಣ ಅಂದರೂ ಅವರ ಕೈಯೇ ಒಳಗಿತ್ತು. ಮಕ್ಕಳೆಲ್ಲ ಹಲಗೆಗೆ ಬೆನ್ನು ಹಾಕಿ ಹಿಂದಕ್ಕೆ ತಿರುಗಿ ಕುಳಿತರು. ಎಲ್ಲರೂ ಕುರಿ ಮನೆಯ ಮಕ್ಕಳೇ, ಕಂಬಳಿ ಅಲುಗಾಡುವುದನ್ನು ನೋಡಿಯೇ ಮಾತಾಡುತ್ತಿದ್ದರು.

"ಮೂರು ಬೆಳ್ಳು ಹಿಡಿದ್ರು ಕಣೋ."

"ಇಲ್ಲ ಕಣಲೇ, ಕೈ ಕೊಡವಿದ್ರು. ಒಪ್ಪಿಲ್ಲ."

"ಸಾ, ಹಬ್ಬ ಹತ್ರ ಬಂದೈತೆ, ಬಿಟ್ಕೊಡಬ್ಯಾಡ ಅನ್ರಿ."

ನಾನು ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ನನ್ನ ಕಣ್ಣ ಮುಂದೆ ಆ ಬಿ.ಎಡ್. ಆದ ಹುಡುಗಿ ನಮ್ಮ ಶಾಲೆಯ ಫ್ಯಾನಿನ ಸ್ವಿಚ್ಚು ಹಾಕುತ್ತಿದ್ದಳು. ಅಷ್ಟರಲ್ಲಿ ಪರೀಕ್ಷಕರು ಎದ್ದು ಬಂದರು. ನನ್ನನ್ನು ದಾಟಿ ಹೋಗಿ, ಟಗರಿನ ತುಟಿ ಎತ್ತಿ ಹಲ್ಲು ನೋಡಿದರು, ಬೆನ್ನೆಲುಬಿನ ಮೇಲೆ ಕೈ ಒತ್ತಿ ನೋಡಿದರು. ಬುದ್ಧಿವಂತ ಅಂದರೆ ಇಂಥ ಹೊತ್ತಲ್ಲಿ ಗೊತ್ತಾಗಬೇಕು. "ಮಕ್ಕಳೇ, ಈಗ ಸಾರ್ ನಿಮಗೆ ಪ್ರಾಣಿಯ ವಯಸ್ಸು ತಿಳಿಯುವ ಪ್ರಾತ್ಯಕ್ಷಿಕೆ ಮಾಡಿ ತೋರಿಸ್ತಾರೆ" ಅಂದುಬಿಟ್ಟೆ.

ಮಕ್ಕಳು ಚಪ್ಪಾಳೆ ಹೊಡೆದರು. ಪರೀಕ್ಷಕರಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ. ಹಲ್ಲಿನ ಲೆಕ್ಕ ಹೇಳಿದರು, ಮಕ್ಕಳು ತಿರುಗಿ ವಾದಿಸಿದರು, ಉಣ್ಣೆ ಕತ್ತರಿಸುವ ಮಾತು ಬಂತು, ಬಾಡಿನ ಮಾತೂ ಬಂತು. ಬೆಲ್ಲು ಹೊಡೆಯುವವರೆಗೂ ಅವರೇ ಪಾಠ ಮಾಡಿದರು. ನಾನು ಟಗರಿನ ಹಗ್ಗ ಹಿಡಿದುಕೊಂಡಿದ್ದೆ.

ಹೊರಗೆ ಕರೆದು ಹೇಳಿದರು. "ಪಾಠದ ಕೊನೆಗೆ ಪುನರಾವರ್ತನೆ ಮಾಡಲಿಲ್ಲ ನೀವು. ಮನೆಗೆಲಸ ಕೊಡಲಿಲ್ಲ. ಹಲಗೆ ಮೇಲೆ ಇಡೀ ಅವಧಿಗೆ ಒಂದೇ ಪದ." ಅವರು ಟಗರಿನ ಕಡೆ ತಿರುಗಿದರು. "ಕಲಿಕೋಪಕರಣದ ಬಗ್ಗೆ ಮಾತ್ರ ನಾನೇನೂ ಹೇಳೋ ಹಂಗಿಲ್ಲ."

ಸಾಯಂಕಾಲ ವ್ಯಾಪಾರ ಕುದುರಿ, ಭಾಮೈದನೇ ಟಗರನ್ನು ಎತ್ತಿ ಅವರ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದ. ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಹೈವೇ ಕಡೆ ಹೊರಟಿತು. ಪರೀಕ್ಷಕರ ಜೊತೆ ಕಾರಿನಲ್ಲಿ ಕೂತು ಹೋದ ಕಲಿಕೋಪಕರಣ ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ನನ್ನದೊಂದೇ, ಬೇಕಾದರೆ ವಿಚಾರಿಸಿ.

ಹಬ್ಬ ಬಂತು, ವರ್ಷತೊಡಕು ಬಂತು. ಫಲಿತಾಂಶ ಇನ್ನೂ ಹೊರಬಿದ್ದಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಫೋನು. "ಮೇಷ್ಟ್ರೇ, ನಾನು ಪರೀಕ್ಷಕ. ನಿಮ್ಮ ಪಾಠದ ಬಗ್ಗೆ ಒಂದು ಮಾತಿತ್ತು."

ನಾನು ಅಲ್ಲೇ ಕುಳಿತುಬಿಟ್ಟೆ. ಹೆಂಡತಿ ಒಲೆ ಆರಿಸಿ ಬಂದು ನನ್ನ ಮುಖ ನೋಡುತ್ತ ನಿಂತಳು. "ಹೇಳ್ರಿ ಸಾರ್" ಅಂದೆ.

"ಕಲಿಕೋಪಕರಣ ಭಾಳ ಗಟ್ಟಿ ಕಣ್ರಿ. ಕುಕ್ಕರ್ ಕೂಗಿ ಕೂಗಿ ಸುಸ್ತಾತು, ಅದು ಬೇಯಲಿಲ್ಲ. ಬೀಗರ ಮುಂದೆ ಮರ್ಯಾದೆ ಹೋತು."

"ಹಂಗಾದ್ರೆ ಸಾರ್, ನನ್ ಗತಿ?"

"ಏನ್ ಮಾಡ್ಲಿ, ಪಾಸ್ ಮಾಡಿ ಅಂಕ ಕಳಿಸಿಬಿಟ್ಟಿದೀನಿ" ಅಂದರು. "ಊಟ ಮುಗಿಸ್ಕಂಡು ಕಳಿಸಬೇಕಿತ್ತು."